ನಗರದ ದಂಗೆಯೂ ಅದರ ಪಾಠವೂ



ಒಂದು ದೇಶದವರು ಪರದೇಶದವರೊಡನೆ ಮಾಡಿದ ಯುದ್ಧಗಳ ಕಥೆಗಳನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಆದರೆ ಒಂದೇ ನೆಲದ ಬೆಳೆಯನ್ನುಂಡು, ಒಂದೇ ಭಾಷೆಯನ್ನಾಡಿ, ಒಬ್ಬನೇ ಅರಸನ ಕೆಳಗೆ ಬಾಳಿದವರು ತಮ್ಮತಮ್ಮೊಳಗೆ ಕತ್ತಿ ಹಿರಿಯುವದು ಅದಕ್ಕಿಂತಲೂ ದುಃಖಕರವಾದದ್ದು. ಅಮೇರಿಕಾ ದೇಶದ ಉತ್ತರದವರೂ ದಕ್ಷಿಣದವರೂ ದಾಸತ್ವದ ನಿಮಿತ್ತವಾಗಿ ೧೮೬೧ರಿಂದ ೧೮೬೫ರ ವರೆಗೆ ಹೀಗೆ ಹೊಡೆದಾಡಿದರು. ಅವರಲ್ಲಿ ಗೆಟಿಸ್‌ಬರ್ಗ್ ಎಂಬ ಸಣ್ಣ ಊರಿನ ಬಳಿಯಲ್ಲಿ ೧೮೬೩ನೆಯ ಜುಲೈ ೧ರಿಂದ ೩ರ ವರೆಗೆ, ಮೂರೇ ದಿವಸಗಳಲ್ಲಿ, ಎರಡು ಕಡೆಯವರೂ ಕೂಡಿ ಸುಮಾರು ಐವತ್ತು ಸಾವಿರ ಮಂದಿ ಸತ್ತರು, ಗಾಯಪಟ್ಟರು, ಸೆರೆಸಿಕ್ಕಿದರು ಇಲ್ಲವೆ ಕಾಣದೆ ಹೋದರು. ಇದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆದರೆ ಅದಕ್ಕೆ ಮೂವತ್ತು ವರ್ಷಗಳ ಮುಂಚೆ ನಮ್ಮ ಮೈಸೂರು ಸೀಮೆಯಲ್ಲಿಯೇ ಅರಸನ ದಂಡಿಗೂ ಅರಸನ ಒಕ್ಕಲುಗಳಿಗೂ ಯುದ್ಧ ನಡೆಯಿತೆಂಬದನ್ನು ಬಲ್ಲವರು ಕೆಲವರೇ. ಈ ತಿಂಗಳ ಪಾಠಕ್ಕೆ ನಾವು ಅದನ್ನೇ ಆರಿಸಿಕೊಂಡಿದ್ದೇವೆ.

ಮರಳೂರಿನವರೂ ಗುಬ್ಬಿ ಕುಣಿಗಲುಗಳ ಕಡೆಯವರೂ, “ಎಲ್ಲೋ ಮಲೆನಾಡಿನಲ್ಲಿ ನಡೆದದ್ದು ನಮಗೇಕೆ?” ಎಂದು ಕೇಳಬಹುದು. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ, ಶಿವಗಂಗೆಯ ಬೆಟ್ಟ ಕಾಣುವಲ್ಲಿ, ಡಾಬಸ್‌ಪೇಟೆ ಎಂಬ ಊರನ್ನು ನಾವೆಲ್ಲರೂ ದಾಟಿದ್ದೇವೆ. ಆ ಹೆಸರು ಡಾಬ್ಸ್ ಎಂಬ ಆಂಗ್ಲ ಅಧಿಕಾರಿಯದು. ಅವನು ತುಮಕೂರಿನಲ್ಲಿ ಮನೆಮಾಡಿಕೊಂಡು ಅನೇಕ ವರ್ಷ ಈ ಸೀಮೆಯ ಆಡಳಿತವನ್ನು ನಡಿಸಿದನು. ಮೈಸೂರಿನ ಅರಸರ ಸೀಮೆಯಲ್ಲಿ ಆಂಗ್ಲ ಅಧಿಕಾರಿ ಹೇಗೆ ಬಂದನು? ನಗರದ ದಂಗೆಯ ದೆಸೆಯಿಂದ ಬಂದನು. ಹೀಗೆ ಆ ದೂರದ ಮಲೆನಾಡಿನ ಬೆಂಕಿಯ ಹೊಗೆ ನಮ್ಮ ಬಾಗಲಿನ ವರೆಗೂ ಬಂದದ್ದುಂಟು.

೧. ನಗರವೆಂಬದು ಯಾವದು

ತುಮಕೂರಿನಲ್ಲಿ ಶಿವಮೊಗ್ಗೆಯ ರೈಲು ಹತ್ತಿದರೆ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆಗಳನ್ನು ದಾಟಿ ಶಿವಮೊಗ್ಗೆಯನ್ನು ಸೇರುತ್ತೇವೆ. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ, ಘಟ್ಟದ ಅಂಚಿನ ಕಾಡಿನೊಳಗೆ, ಈಗಿನ ಹೊಸನಗರ ತಾಲ್ಲೂಕಿನಲ್ಲಿ ನಗರವೆಂಬ ಊರಿದೆ. ಈಗ ಅದು ಸಣ್ಣ ಊರು. ಪೂರ್ವದಲ್ಲಿ ಬಿದನೂರೆಂಬ ಹೆಸರಿನಿಂದ ಕೆಳದಿಯ ಅರಸರ ರಾಜಧಾನಿಯಾಗಿತ್ತು. ೧೭೬೩ರಲ್ಲಿ ಹೈದರನು ಅದನ್ನು ಹಿಡಿದು ಹೈದರನಗರವೆಂದು ಕರೆದನು; ಆ ಹೆಸರಿನ ಅರ್ಧವು ನಿಂತು ನಗರವಾಯಿತು.

ಕೆಳದಿಯ ಅರಸರಲ್ಲಿ ಶಿವಪ್ಪನಾಯಕನು ಭೂಮಿಯ ತರವನ್ನೂ ಬೆಳೆಯನ್ನೂ ನೋಡಿ ಕಂದಾಯವನ್ನು ಗೊತ್ತುಮಾಡಿದನು. ಇದಕ್ಕೆ ಶಿವಪ್ಪನಾಯಕನ ಶಿಸ್ತು ಎಂದು ಹೆಸರು. ಕೊಡಬೇಕಾದದ್ದು ಇಷ್ಟೇ ಎಂದು ಒಕ್ಕಲಿಗೆ ಮೊದಲೇ ತಿಳಿದಿರುವದು ಈ ಶಿಸ್ತಿನ ಸಾರ. ಆ ಅರಸರು ಅಳಿದು ಹೋದ ಮೇಲೆಯೂ ಮಲೆನಾಡಿನ ಜನರು ಆ ಶಿಸ್ತನ್ನು ಮರೆಯಲಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಯಾಕಂದರೆ ಮುಂದೆ ನಡೆದದ್ದಕ್ಕೆ ಇದೇ ಬೀಗದ ಕೈ.

೨. ಶರ್ತು ಎಂಬ ಹೊರೆ

೧೭೯೯ನೆಯ ಮೇ ೪ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟೀಪು ಸುಲ್ತಾನನು ಸತ್ತ ಮೇಲೆ, ಕಂಪೆನಿಯವರು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಸಿಂಹಾಸನದಲ್ಲಿ ಕೂಡ್ರಿಸಿದರು. ಆಗ ಆದ ಕೌಲಿನ ಪ್ರಕಾರ ಮೈಸೂರು ವರ್ಷವರ್ಷವೂ ಏಳು ಲಕ್ಷ ವರಹಗಳನ್ನು ಕಂಪೆನಿಗೆ ಕೊಡಬೇಕಾಗಿತ್ತು. ಈ ಹಣಕ್ಕೆ ಕುಂದು ಬರುವಂತೆ ಕಂಡರೆ ಸೀಮೆಯ ಆಡಳಿತವನ್ನು ಕಂಪೆನಿಯವರು ತಮ್ಮ ಕೈಗೆ ತೆಗೆದುಕೊಳ್ಳಬಹುದೆಂದೂ ಆ ಕೌಲಿನಲ್ಲಿ ಬರೆದಿತ್ತು. ದಿವಾನ್ ಪೂರ್ಣಯ್ಯನವರು ೧೮೧೧ರ ವರೆಗೆ ಬಿಗಿಯಾಗಿ ಆಡಳಿತ ನಡಿಸಿ, ಬೊಕ್ಕಸವನ್ನು ತುಂಬಿಸಿ, ಅಧಿಕಾರವನ್ನು ಬಿಟ್ಟುಕೊಟ್ಟರು.

ಆ ಮೇಲಿನ ಇಪ್ಪತ್ತು ವರ್ಷಗಳಲ್ಲಿ ಬೊಕ್ಕಸವು ಬರಿದಾಯಿತು. ಯುವಕರಾದ ಮಹಾರಾಜರು ಉದಾರಿಗಳು. ವಿದ್ವಾಂಸರನ್ನೂ ಕಲೆಗಾರರನ್ನೂ ಪೋಷಿಸಿದವರು. ಅವರ ದಾನಧರ್ಮಗಳನ್ನು ನಾಡು ಇಂದಿಗೂ ನೆನಸುತ್ತದೆ. ಆದರೆ ಬರವಿಗೂ ಖರ್ಚಿಗೂ ಸರಿದೂಗಿಸುವವರು ಅವರ ಬಳಿಯಲ್ಲಿ ಇರಲಿಲ್ಲ. ೧೮೨೫ರಲ್ಲಿ ಮದರಾಸಿನ ಗವರ್ನರಾದ ಥಾಮಸ್ ಮನ್ರೋ ಮೈಸೂರಿಗೆ ಬಂದು, ಲೆಕ್ಕವನ್ನು ಸರಿಯಾಗಿ ಇಡದೆ ಹೋದರೆ ಕಂಪೆನಿಯವರು ನಡುವೆ ಬರಬೇಕಾದೀತೆಂದು ಎಚ್ಚರಿಸಿಹೋದನು. ಆ ಎಚ್ಚರಿಕೆಯಿಂದ ಸ್ಥಿತಿಯು ಬದಲಾಗಲಿಲ್ಲ.

ಹಣ ಸಾಲದಾಗ ಶರ್ತು ಎಂಬ ಪದ್ಧತಿಯು ಬಲಗೊಂಡಿತು. ಅದೇನಂದರೆ, ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ತಂದೇ ತರುತ್ತೇನೆಂದು ಮೊದಲೇ ಶರ್ತು ಬರೆದುಕೊಡುವನು. ಹೆಚ್ಚು ತಂದರೆ ಅವನಿಗೆ ಮೆಚ್ಚಿಕೆ. ಕಡಿಮೆಯಾದರೆ ತನ್ನ ಕೈಯಿಂದ ತುಂಬಿಕೊಡಬೇಕು. ಕಾಗದದ ಮೇಲೆ ಪ್ರಜೆಗಳನ್ನು ಪೀಡಿಸಲಾಗದೆಂದೂ ಬರೆದಿರುತ್ತಿತ್ತು. ಆದರೆ ಮಳೆ ಬಾರದ ವರ್ಷ ಏನಾಗುವದೆಂದು ವಾಚಕರೇ ಯೋಚಿಸಲಿ. ಅಮಲ್ದಾರನು ತನ್ನ ಮನೆಯನ್ನು ಮಾರಿ ಸರಕಾರಕ್ಕೆ ಕಟ್ಟುವನೋ, ಒಕ್ಕಲಿನ ಎತ್ತನ್ನು ಮಾರಿಸಿ ಕಟ್ಟುವನೋ? ನೀರು ಇಳಿಜಾರಿಗೆ ಹರಿಯುವ ಹಾಗೆ ಹೊರೆಯೆಲ್ಲವೂ ಕೊನೆಗೆ ಬಡವನ ಬೆನ್ನಿಗೇ ಬಂದು ನಿಂತಿತು.

೩. ಕೂಟ

ನಗರದ ಫೌಜುದಾರಿಯಲ್ಲಿ ಬಹು ವರ್ಷಗಳ ವರೆಗೆ ಅಧಿಕಾರವು ಒಂದೇ ಬಳಗದವರ ಕೈಯಲ್ಲಿತ್ತು. ಬಳಿಕ ಹೊಸದಾಗಿ ಬಂದ ಫೌಜುದಾರನು ಹಿಂದೆ ಮಾಫಿ ಕೊಟ್ಟಿದ್ದ ಮೊಬಲಗುಗಳನ್ನು ಶೋಧಿಸಿ, ಹಳೆಯ ಬಾಕಿಗಳನ್ನು ಮತ್ತೆ ಎಬ್ಬಿಸಿದನು. ತೀರಿತೆಂದು ನಂಬಿದ್ದ ಸಾಲವು ಎದ್ದು ಬಂದು ಬಾಗಲಲ್ಲಿ ನಿಂತಾಗ ಒಕ್ಕಲುಗಳು ಕಂಗೆಟ್ಟರು.

ಆಗ ಅವರು ಮೊದಲು ಹಿಡಿದದ್ದು ಆಯುಧವನ್ನಲ್ಲ. ಅವರು ಕೂಟ ಸೇರಿದರು. ಊರಿಂದೂರಿಗೆ ಓಲೆ ಹೋಯಿತು. ೧೮೩೦ನೆಯ ಆಗಸ್ಟ್ ತಿಂಗಳಲ್ಲಿ, ಈಗಿನ ಚನ್ನಗಿರಿ ತಾಲ್ಲೂಕಿಗೆ ಸೇರಿದ ಬಸವಾಪಟ್ಟಣದಲ್ಲಿ ಅನೇಕ ಊರುಗಳ ರೈತರು ಒಟ್ಟಾಗಿ ಕುಳಿತು ತಮ್ಮ ಕಷ್ಟಗಳನ್ನು ಹೇಳಿಕೊಂಡರು. ತಮ್ಮ ಮೊರೆಗೆ ಉತ್ತರ ಬರುವ ವರೆಗೆ ಕಂದಾಯವನ್ನು ಕೊಡಕೂಡದೆಂಬ ಮಾತು ಕೂಟದಿಂದ ಕೂಟಕ್ಕೆ ಹಬ್ಬಿತು. ಅದೇ ಕಾಲದಲ್ಲಿ ಘಟ್ಟದ ಕೆಳಗೆ ಕನ್ನಡ ಜಿಲ್ಲೆಯಲ್ಲಿ, ಕಂಪೆನಿಯ ಸ್ವಂತ ಆಳಿಕೆಯೊಳಗೂ, ರೈತರು ಹೀಗೆಯೇ ಕೂಟಗಳನ್ನು ಮಾಡಿದರು. ಆದ್ದರಿಂದ ಈ ರೋಗವು ಒಂದು ಸಂಸ್ಥಾನಕ್ಕೆ ಮಾತ್ರ ಸೇರಿದ್ದಲ್ಲವೆಂದು ನಾವು ತಿಳಿಯಬೇಕು.

ಈ ಮೊರೆಯನ್ನು ಕಿವಿಗೊಟ್ಟು ಕೇಳಿದ್ದರೆ ಕಥೆಯು ಇಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಪ್ರಜೆಯ ಮಾತು ಅರಸನನ್ನು ಸೇರಬೇಕಾದರೆ ಶಾನುಭೋಗ, ಅಮಲ್ದಾರ, ಫೌಜುದಾರರನ್ನು ದಾಟಿಯೇ ಹೋಗಬೇಕಾಗಿತ್ತು. ಯಾರ ಮೇಲೆ ದೂರೋ ಅವರೇ ದಾರಿಯಲ್ಲಿ ನಿಂತಿದ್ದರು. ಮಹಾರಾಜರು ೧೮೩೦ನೆಯ ಡಿಸೆಂಬರಿನಲ್ಲಿ ತಾವೇ ಹೊರಟು ಚನ್ನರಾಯಪಟ್ಟಣದ ವರೆಗೆ ಬಂದರು. ಆದರೆ ಅಷ್ಟರಲ್ಲಿ ಕಾಲ ಮೀರಿತ್ತು. ಅಲ್ಲಿ ಕೆಲವರಿಗೆ ಕಠಿಣ ಶಿಕ್ಷೆಗಳಾದವು. ಶಿಕ್ಷೆಯ ಸುದ್ದಿಯು ಭಯವನ್ನಲ್ಲ, ರೋಷವನ್ನು ಹುಟ್ಟಿಸಿತು.

೪. ಕಾಡಿನ ಯುದ್ಧ

ನೊಂದವರ ಗುಂಪಿಗೆ ನಾಯಕನಾಗುವವನು ಯಾವಾಗಲೂ ಒಬ್ಬನು ಕಾದಿರುತ್ತಾನೆ. ಸಾದರ ಮಲ್ಲನೆಂಬ ಒಬ್ಬನು ಬೂದಿ ಬಸವಪ್ಪನಾಯಕನೆಂಬ ಹೆಸರಿಟ್ಟುಕೊಂಡು, ತಾನು ಕೆಳದಿಯ ಅರಸುಮನೆತನಕ್ಕೆ ಸೇರಿದವನೆಂದು ಹೇಳಿಕೊಂಡು ಎದ್ದನು. ಹಳೆಯ ಬಾಕಿಯನ್ನು ಬಿಟ್ಟುಬಿಡುವೆನೆಂದೂ ಕಂದಾಯವನ್ನು ತಗ್ಗಿಸುವೆನೆಂದೂ ಮಾತುಕೊಟ್ಟನು. ಅವನ ವಂಶದ ಮಾತು ನಿಜವೋ ಸುಳ್ಳೋ ಎಂದು ಒಕ್ಕಲುಗಳು ಪರೀಕ್ಷಿಸಲಿಲ್ಲ. ಕೆಳದಿಯ ಹೆಸರು ಕಿವಿಗೆ ಬಿದ್ದ ಕೂಡಲೇ ಶಿವಪ್ಪನಾಯಕನ ಶಿಸ್ತಿನ ನೆನಪು ಬಂದಿತು, ಅಷ್ಟೇ ಸಾಕಾಯಿತು. ತರೀಕೆರೆಯ ಪಾಳೆಯಗಾರರ ಮನೆತನದ ರಂಗಪ್ಪನಾಯಕನೂ ಮೈಸೂರಿನಿಂದ ತಪ್ಪಿಸಿಕೊಂಡು ಬಂದು ಕಾಮನದುರ್ಗ, ಕಲ್ಲುದುರ್ಗಗಳನ್ನು ಹಿಡಿದನು. ಹೀಗೆ ಕಂದಾಯದ ಮೊರೆಯಾಗಿ ಹುಟ್ಟಿದ್ದು ರಾಜ್ಯಕ್ಕಾಗಿ ಹೋರಾಟವಾಗಿ ತಿರುಗಿತು.

ಅಣ್ಣಪ್ಪನೆಂಬ ದಳಪತಿಯ ಕೈಕೆಳಗೆ ಮೈಸೂರಿನ ದಂಡು ಹೋಯಿತು. ರೆಸಿಡೆಂಟನಾದ ಕ್ಯಾಸಮೇಜರನ ಕಾವಲಿನ ಪಡೆಯೊಡನೆ ಲೆಫ್ಟೆನೆಂಟ್ ರಾಚ್‌ಫರ್ಟ್ ಹೋದನು; ತುಂಗಭದ್ರೆಯ ದಡದ ಹೊನ್ನಾಳಿಯ ಕೋಟೆಯು ಹಿಡಿಯಲ್ಪಟ್ಟಿತು. ಅದರಿಂದಲೂ ದಂಗೆ ಅಡಗದಿರಲು, ಕೌಲಿನ ಪ್ರಕಾರ ಮೈಸೂರಿಗೆ ಸಹಾಯ ಮಾಡಬೇಕಾದ ಕಂಪೆನಿಯ ಪಡೆಗಳೂ ಬಂದವು. ಆ ಪಡೆಗಳಿಗೆ ಸಹ ಒಂದೇ ಪೆಟ್ಟಿಗೆ ಜಯ ಸಿಕ್ಕಲಿಲ್ಲ. ಕಾಡು ದಟ್ಟವಾದದ್ದು, ದಾರಿಗಳು ಇಕ್ಕಟ್ಟಾದವು, ಅಡ್ಡಕಡಿದ ಮರಗಳ ಹಿಂದೆ ಬಂದೂಕಿನವರು ಅಡಗಿದ್ದರು. ಆ ನೆಲದ ಒಂದೊಂದು ಹಳ್ಳವೂ ತಿಳಿದವರ ಮುಂದೆ ಬಯಲುಸೀಮೆಯ ಕವಾಯತು ನಡೆಯಲಿಲ್ಲ. ಹಿಂದೆಗೆದು, ಬಲವನ್ನು ಕೂಡಿಸಿಕೊಂಡು, ಮತ್ತೆ ಮುಂದೆ ಹೋಗಬೇಕಾಯಿತು. ಕಡೆಗೆ ೧೮೩೧ನೆಯ ಜೂನ್ ತಿಂಗಳಲ್ಲಿ ಕರ್ನಲ್ ಇವಾನ್ಸನ ಪಡೆಯು ನಗರವನ್ನು ಹಿಡಿಯಿತು. ಮುಖಂಡರು ಚದರಿಹೋದರು.

ಈ ಯುದ್ಧದಲ್ಲಿ ಸತ್ತವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಒಂದು ಕಡೆಯಲ್ಲಿ ಸತ್ತ ಸಿಪಾಯಿಯೂ ಒಕ್ಕಲು ಮಗನು. ಇನ್ನೊಂದು ಕಡೆಯಲ್ಲಿ ಸತ್ತ ದಂಗೆಕೋರನೂ ಒಕ್ಕಲು ಮಗನು. ಊರುಗಳು ಸುಲಿಗೆಯಾದದ್ದು ಎರಡೂ ಕಡೆಯವರಿಂದ. ನೇಗಿಲು ಹೂಡಬೇಕಾದ ಕಾಲದಲ್ಲಿ ಹೊಲ ಬೀಡಾಗಿ ಬಿದ್ದದ್ದರ ನಷ್ಟವು ಯಾವ ದಫ್ತರಿನಲ್ಲಿಯೂ ಬರೆದಿಟ್ಟದ್ದಲ್ಲ.

೫. ದೊರೆತನ ಕೈತಪ್ಪಿದ್ದು

ದಂಗೆ ಅಡಗಿತು, ಆದರೆ ಅರಸರಿಗೆ ಜಯವಾಗಲಿಲ್ಲ. ಗವರ್ನರ್ ಜನರಲನಾದ ಲಾರ್ಡ್ ವಿಲಿಯಂ ಬೆಂಟಿಂಕನು ೧೮೩೧ನೆಯ ಸೆಪ್ಟೆಂಬರ್ ೭ರಲ್ಲಿ ಪತ್ರ ಬರೆದು, ಸೀಮೆಯ ಆಡಳಿತವನ್ನು ಕಂಪೆನಿಯ ಕಡೆಗೆ ತೆಗೆದುಕೊಳ್ಳುತ್ತೇವೆಂದು ತಿಳಿಸಿದನು. ಅಕ್ಟೋಬರ್ ೧೯ರಲ್ಲಿ ಮಹಾರಾಜರು ಒಂದು ತೊಟ್ಟು ರಕ್ತವೂ ಬೀಳದಂತೆ ಅಧಿಕಾರವನ್ನು ಬಿಟ್ಟುಕೊಟ್ಟರು. ಆ ದಿನ ಅವರು ತೋರಿಸಿದ ತಾಳ್ಮೆಯನ್ನು ನಾವು ಹೊಗಳಬೇಕು. ಇನ್ನೊಂದು ಯುದ್ಧವಾಗಿದ್ದರೆ ಅದರಲ್ಲಿಯೂ ಸಾಯುತ್ತಿದ್ದವರು ಬಡವರೇ.

ಆ ಮೇಲೆ ಹಾಕರ್, ಮಾರಿಸನ್, ಮೆಕ್ಲೌಡ್, ಕಬ್ಬನ್ ಎಂಬ ನಾಲ್ವರು ದಂಗೆಯ ಕಾರಣಗಳನ್ನು ವಿಚಾರಿಸಿ ೧೮೩೩ನೆಯ ಡಿಸೆಂಬರಿನಲ್ಲಿ ವರದಿ ಒಪ್ಪಿಸಿದರು. ಆಡಳಿತದ ತಪ್ಪುಗಳು ಅದರಲ್ಲಿ ಹೊರಬಿದ್ದವು. ಆದರೂ ಪೂರ್ತಿಯಾಗಿ ಸೀಮೆಯನ್ನು ತೆಗೆದುಕೊಂಡದ್ದು ಕೌಲಿಗೆ ಒಪ್ಪುವದೋ ಎಂಬ ಸಂಶಯವು ಬೆಂಟಿಂಕನ ಮನಸ್ಸಿಗೇ ಹತ್ತಿತು; ೧೮೩೪ರಲ್ಲಿ ಅವನು ಮೈಸೂರಿಗೆ ಬಂದು ಹೋದ ಮೇಲೆ, ಸೀಮೆಯ ಒಂದು ಭಾಗವನ್ನಾದರೂ ಅರಸರಿಗೆ ತಿರುಗಿ ಕೊಡಬೇಕೆಂದು ಬರೆದನು. ಅದು ನಡೆಯಲಿಲ್ಲ. ಒಮ್ಮೆ ಕೈಬಿಟ್ಟದ್ದು ತಿರುಗಿ ಬರಲು ಐವತ್ತು ವರ್ಷ ಹಿಡಿಯಿತು. ಮುಮ್ಮಡಿಯವರು ತಮ್ಮ ರಾಜ್ಯವು ತಿರುಗಿ ಬಂದದ್ದನ್ನು ಕಾಣದೆಯೇ ೧೮೬೮ರಲ್ಲಿ ತೀರಿಕೊಂಡರು.

೬. ಏಳುನೂರ ಅರವತ್ತೊಂಬತ್ತು ತೆರಿಗೆಗಳು

ಹೊಸ ಆಡಳಿತದಲ್ಲಿ ಸೀಮೆಯನ್ನು ಬೆಂಗಳೂರು, ಅಷ್ಟಗ್ರಾಮ, ನಗರ, ಚಿತ್ರದುರ್ಗವೆಂದು ನಾಲ್ಕು ಭಾಗ ಮಾಡಿದರು. ಚಿತ್ರದುರ್ಗ ಭಾಗದ ಮುಖ್ಯ ಕಚೇರಿಯು ನಮ್ಮ ತುಮಕೂರಿನಲ್ಲಿ ನಿಂತಿತು. ಡಾಬ್ಸನು ಇದ್ದದ್ದು ಈ ಕಚೇರಿಯಲ್ಲಿ. ಮಾರ್ಕ್ ಕಬ್ಬನನು ೧೮೩೪ರಿಂದ ೧೮೬೧ರ ವರೆಗೆ ಕಮಿಷನರನಾಗಿ ಸೀಮೆಯನ್ನು ಆಳಿದನು.

ಅವನ ಕಾಲದಲ್ಲಿ ತೆಗೆದುಹಾಕಿದ ಸಣ್ಣ ತೆರಿಗೆಗಳ ಸಂಖ್ಯೆಯೇ ೭೬೯. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಒಂದು ಊರಿನವರು, ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆತಲಾಂತರವಾಗಿ ದಂಡ ತೆರುತ್ತಿದ್ದರು. ನಗರದ ಸೀಮೆಯಲ್ಲಿ ಒಂದು ಸ್ಥಳವನ್ನು ದಾಟುವವನು ಕೈಗಳನ್ನು ಪಕ್ಕಕ್ಕೆ ಒತ್ತಿಕೊಂಡು ನಡೆಯದಿದ್ದರೆ ಅದಕ್ಕೂ ದಂಡವಿತ್ತು.

ವಾಚಕರು ಇದನ್ನು ಓದಿ ನಗುವರು, ನಾವೂ ನಕ್ಕೆವು. ಆದರೆ ಕೂಸಿಗೆ ಹೆಸರಿಡುವ ದಿನ ಮನೆಯ ಯಜಮಾನನು ತೆರಿಗೆಯ ಕಾಸನ್ನು ಎಣಿಸಿಕೊಂಡು ಕುಳಿತಿರುವದನ್ನು ಮನಸ್ಸಿನಲ್ಲಿ ತಂದುಕೊಂಡರೆ ನಗೆಯು ನಿಲ್ಲುತ್ತದೆ. ಇವೆಲ್ಲವೂ ಒಬ್ಬನೇ ಅರಸನು ಹಾಕಿದವುಗಳಲ್ಲ. ಪಾಳೆಯಗಾರರ ಕಾಲದಿಂದ ಒಬ್ಬೊಬ್ಬರೂ ಒಂದೊಂದನ್ನು ಸೇರಿಸಿದರು. ತೆಗೆಯಬೇಕೆಂದು ಯಾರೂ ನೆನಸಲಿಲ್ಲ. ಹಳೆಯದೆಂಬ ಒಂದೇ ಕಾರಣದಿಂದ ಅನ್ಯಾಯವು ನ್ಯಾಯದ ವೇಷದಲ್ಲಿ ನಿಂತಿತು. ಹೊಸ ಆಡಳಿತದವರು ಪರರು. ಅವರ ಕಣ್ಣು ಕಂಪೆನಿಯ ಹಣದ ಮೇಲೂ ಇತ್ತು. ಹಾಗಿದ್ದರೂ ಶರ್ತನ್ನು ನಿಲ್ಲಿಸಿದ್ದೂ, ಬೆಳೆ ಕೈಸೇರುವ ಕಾಲಕ್ಕೆ ಹೊಂದುವಂತೆ ಕಂದಾಯದ ಕಂತುಗಳನ್ನು ಗೊತ್ತುಮಾಡಿದ್ದೂ ಒಕ್ಕಲುಗಳಿಗೆ ಹಿತವಾಯಿತೆಂದು ಒಪ್ಪಲೇಬೇಕು.

೭. ದಂಗೆ ಎದ್ದವರು ಅಪರಾಧಿಗಳೋ?

ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳುಂಟು. ಅರಸನ ಮೇಲೆ ಕೈಯೆತ್ತಿದವರು ದ್ರೋಹಿಗಳೆಂಬದು ಒಂದು; ನೊಂದವರು ಮಾಡಿದ್ದೆಲ್ಲಾ ಸರಿಯೆಂಬದು ಇನ್ನೊಂದು. ನಮಗೆ ಎರಡೂ ಸಾಲದೆಂದು ಕಾಣುತ್ತದೆ. ಬಸವಾಪಟ್ಟಣದಲ್ಲಿ ಕೂಡಿದವರ ಮೊರೆಯು ನ್ಯಾಯವಾದದ್ದು. ಆ ೭೬೯ ತೆರಿಗೆಗಳೇ ಅದಕ್ಕೆ ಸಾಕ್ಷಿ. ಆದರೆ ಮೊರೆಯು ನ್ಯಾಯವಾದ ಮಾತ್ರಕ್ಕೆ ಅದನ್ನು ಹೊತ್ತವರೆಲ್ಲರೂ ನ್ಯಾಯವಂತರೆಂದಾಗಲಿಲ್ಲ. ಒಕ್ಕಲುಗಳಿಗೆ ಬೇಕಾದದ್ದು ಶಿಸ್ತು. ಬೂದಿ ಬಸವಪ್ಪನಿಗೆ ಬೇಕಾದದ್ದು ಸಿಂಹಾಸನ. ರಂಗಪ್ಪನಾಯಕನಿಗೆ ಬೇಕಾದದ್ದು ಪೂರ್ವಿಕರ ದುರ್ಗ. ಕಂಪೆನಿಗೆ ಬೇಕಾದದ್ದು ಏಳು ಲಕ್ಷ ವರಹ. ನಾಲ್ವರ ಆಶೆಗಳು ಒಂದೇ ಯುದ್ಧದಲ್ಲಿ ಬೆರೆತವು. ಬೆಲೆಯನ್ನು ತೆತ್ತವರು ಮಾತ್ರ ಮೊದಲಿನವರು.

ಇದಕ್ಕೆ ಮದ್ದೇನು? ಅದು ೧೮೮೧ರಲ್ಲಿ ಕಾಣಿಸಿತು. ಆ ವರ್ಷದ ಮಾರ್ಚ್ ೨೫ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ತಿರುಗಿ ಬಂದಿತು. ಅದೇ ವರ್ಷದ ದಸರೆಯಲ್ಲಿ, ಅಕ್ಟೋಬರ್ ೭ರಂದು, ದಿವಾನ್ ರಂಗಾಚಾರ್ಲು ಅವರು ೧೪೪ ಮಂದಿ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಮೊದಲಲ್ಲಿ ಆ ಸಭೆಗೆ ಕಾಯಿದೆ ಮಾಡುವ ಅಧಿಕಾರವಿರಲಿಲ್ಲ. ಪ್ರಜೆಗಳ ಕಷ್ಟವನ್ನು ದಿವಾನರ ಮುಂದೆ ನೇರವಾಗಿ ಹೇಳುವ ಅವಕಾಶ ಮಾತ್ರವಿತ್ತು. ಸಣ್ಣ ಸಂಗತಿಯೆಂದು ತೋರೀತು. ಆದರೆ ೧೮೩೦ರಲ್ಲಿ ಇಲ್ಲದೆ ಹೋದದ್ದು ಅದೊಂದೇ. ಅಂದು ಕೂಟವೆಂದರೆ ದಂಗೆಯ ಹೆಸರಾಗಿತ್ತು. ಐವತ್ತೊಂದು ವರ್ಷಗಳ ಮೇಲೆ ಅದೇ ಕೂಟವು ಅರಮನೆಯ ಊರಿನಲ್ಲಿ ಸಭೆಯೆಂಬ ಮರ್ಯಾದೆಯನ್ನು ಪಡೆಯಿತು.

೮. ನಮಗೆ ಪಾಠ

ನಮ್ಮಲ್ಲಿ ಈಗ ಅರಸರಿಲ್ಲ, ಅಮಲ್ದಾರರೂ ಇಲ್ಲ. ಆದರೆ ಒಂದು ಮನೆಗೂ, ಒಂದು ಊರಿಗೂ, ಒಂದು ಪಂಚಾಯತಿಗೂ ಈ ಪಾಠವು ಸಲ್ಲುತ್ತದೆ.

ಮೊದಲನೆಯದು: ದೂರನ್ನು, ಯಾರ ಮೇಲೆ ದೂರೋ ಅವರ ಕೈಗೇ ಕೊಟ್ಟು ನ್ಯಾಯವನ್ನು ಕಾಯಬಾರದು. ಬಡವನು ನೇರವಾಗಿ ಬಂದು ಮಾತಾಡುವ ಒಂದು ಬಾಗಲು ಪ್ರತಿ ಊರಿನಲ್ಲಿಯೂ ತೆರೆದಿರಬೇಕು.

ಎರಡನೆಯದು: ನಮ್ಮ ಸಂಕಟದ ಕಾಲದಲ್ಲಿ ದೊಡ್ಡ ಹೆಸರನ್ನು ಹೇಳಿಕೊಂಡು ಬರುವವನನ್ನು ಪರೀಕ್ಷಿಸಬೇಕು. ಅವನು ನಮ್ಮ ಹೊರೆಯನ್ನು ಇಳಿಸಲು ಬಂದನೋ, ನಮ್ಮ ಹೆಗಲೇರಲು ಬಂದನೋ?

ಮೂರನೆಯದು: ಹಳೆಯ ಪದ್ಧತಿಯೆಂದು ನಾವು ಸುಮ್ಮನೆ ನಡಿಸಿಕೊಂಡು ಬಂದಿರುವ ದಂಡಗಳು ನಮ್ಮಲ್ಲಿಯೂ ಇರಬಹುದು. ಕಳೆದುಹೋದ ಕುದುರೆಯ ದಂಡವನ್ನು ನಾವು ಯಾರಿಂದಲಾದರೂ ಇನ್ನೂ ತೆಗೆದುಕೊಳ್ಳುತ್ತಿದ್ದೇವೋ ಎಂದು ವಿಚಾರಿಸಿಕೊಳ್ಳೋಣ.

ಡಾಬಸ್‌ಪೇಟೆಯನ್ನು ಇನ್ನೊಮ್ಮೆ ದಾಟುವಾಗ ಆ ಹೆಸರನ್ನು ಮಾತ್ರ ಓದಿ ಮುಂದೆ ಹೋಗಬಾರದು. ಹೆಸರಿಲ್ಲದೆ ಸತ್ತ ಮಲೆನಾಡಿನ ಒಕ್ಕಲುಗಳನ್ನೂ ಒಂದು ಗಳಿಗೆ ನೆನಸೋಣ.

ಕೂಡಿ ಓದುವವರಿಗೆ ಪ್ರಶ್ನೆಗಳು:

೧. ಶರ್ತಿನ ಪದ್ಧತಿಯಲ್ಲಿ ನಷ್ಟವು ಯಾರ ಮೇಲೆ ಬೀಳುತ್ತಿತ್ತು? ಯಾಕೆ?
೨. ಒಕ್ಕಲುಗಳು ಬೂದಿ ಬಸವಪ್ಪನನ್ನು ಅಷ್ಟು ಬೇಗ ನಂಬಿದ್ದಕ್ಕೆ ಕಾರಣವೇನು?
೩. ೧೮೩೦ನೆಯ ಕೂಟಕ್ಕೂ ೧೮೮೧ನೆಯ ಸಭೆಗೂ ಇದ್ದ ಭೇದವನ್ನು ಹೇಳಿರಿ.
೪. ನಮ್ಮ ಊರಿನಲ್ಲಿ ಬಡವನು ತನ್ನ ಮಾತನ್ನು ಭಯವಿಲ್ಲದೆ ಹೇಳುವ ಸ್ಥಳವು ಯಾವದು? ಇಲ್ಲದಿದ್ದರೆ ನಾವೇನು ಮಾಡಬಹುದು?